‘ಇನ್ನೂ ಜೋರು ಬೇಕು’ ಅನ್ನುವ ಮೊದಲು: ಮೆಟಲ್ ಆಲ್ಬಮ್ಮುಗಳ ಮಾಸ್ಟರ್‌ಗೆ ಸಹಿ ಹಾಕುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ರೆಕಾರ್ಡ್ ಲೇಬಲ್ಲುಗಳಲ್ಲಿ ಕೂತು ಹೆವಿ ಮೆಟಲ್ ಆಲ್ಬಮ್ಮಿಗೆ ಕೊನೆಯ ಒಪ್ಪಿಗೆ ಕೊಡುವವರು ನೀವು. ನಿಮ್ಮಿಂದ ಮಾಸ್ಟರಿಂಗ್ ಕೋಣೆಗೆ (ವಾದ್ಯಗಳನ್ನೆಲ್ಲ ಹದವಾಗಿ ಕೂಡಿಸಿದ ‘ಮಿಕ್ಸ್’ಗೆ ಕೊನೆಯ ರೂಪ ಕೊಟ್ಟು, ಬಿಡುಗಡೆಗೆ ಹೋಗುವ ‘ಮಾಸ್ಟರ್’ ತಯಾರಿಸುವ ಜಾಗ) ವಾಪಸು ಬರುವ ಟಿಪ್ಪಣಿಗಳಲ್ಲಿ ಪದಗಳು ಬೇರೆಬೇರೆ ಇರುತ್ತವೆ. ‘ಪವರ್ ಸಾಲದು’, ‘ಮುಖಕ್ಕೆ ಹೊಡೆಯುತ್ತಿಲ್ಲ’, ‘ಆ ಇನ್ನೊಂದು ಬ್ಯಾಂಡಿನ ಪಕ್ಕದಲ್ಲಿಟ್ಟರೆ ಸಪ್ಪೆ’. ಎಲ್ಲದರ ಅರ್ಥ ಒಂದೇ: ಇನ್ನೂ ಜೋರು ಮಾಡಿ. ಆ ಮಾತು ಬರುವ ಹೊತ್ತಿಗೆ ಆಲ್ಬಮ್ಮಿನೊಳಗೆ ಏನೇನು ಆಗಿಹೋಗಿರುತ್ತದೆ, ಆ ಮಾತನ್ನು ನಡೆಸಿಕೊಟ್ಟರೆ ಏನಾಗುತ್ತದೆ, ಅದರ ಬದಲು ನೀವು ಏನು ಕೇಳಬಹುದು ಎಂಬುದನ್ನು ಲೆಕ್ಕ ಸಮೇತ ನಿಮ್ಮ ಮುಂದಿಡುತ್ತಿದ್ದೇವೆ.

ಎಲ್ಲರಿಗೂ ಗೊತ್ತಿರುವ ಪ್ರಕರಣದಿಂದಲೇ ಶುರು ಮಾಡೋಣ. 2008ರ ಸೆಪ್ಟೆಂಬರಿನಲ್ಲಿ ಮೆಟಾಲಿಕಾ ಬ್ಯಾಂಡಿನ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಬಂತು. ನಿರ್ಮಾಪಕ ರಿಕ್ ರೂಬಿನ್. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೆ ಮೊದಲ ಸ್ಥಾನದಲ್ಲೇ ಕಾಲಿಟ್ಟಿತು. ಅದೇ ಹೊತ್ತಿಗೆ ಅದರ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೊ ಗೇಮಿನಲ್ಲೂ ಬಂದವು. ಗೇಮಿಗೆ ಗಿಟಾರ್, ಡ್ರಮ್ಸ್, ಬೇಸ್, ಗಾಯನ ಬೇರೆಬೇರೆ ಟ್ರ್ಯಾಕುಗಳಾಗಿ ಬೇಕಿದ್ದುದರಿಂದ ಅಲ್ಲಿಗೆ ಹೋದದ್ದು ಕೊನೆಯ ಹಂತದ ಒತ್ತಡ ಬೀಳದ ಶಬ್ದ. ಕೇಳುಗರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತರಂಗದ ಚಿತ್ರ ತೆಗೆದು ನೋಡಿದರು. ಗೇಮಿನದರಲ್ಲಿ ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್ಮಿನ ಪ್ರತಿ ಪೆಟ್ಟಿಗೂ ಒಂದೊಂದು ಮುಳ್ಳು ಎದ್ದು ನಿಂತಿತ್ತು. ಸಿಡಿಯಲ್ಲಿ ಇದ್ದದ್ದು ಅಂಚು ಕತ್ತರಿಸಿದ ಒಂದು ಇಟ್ಟಿಗೆ. ಮತ್ತೆ ಮಿಕ್ಸ್ ಮಾಡಿಕೊಡಿ ಎಂಬ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಬೈಗುಳವೆಲ್ಲ ಬಿದ್ದದ್ದು ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಅವರ ತಲೆಗೆ. ಮಿಕ್ಸ್ ತಮ್ಮ ಕೈಗೆ ಬರುವಷ್ಟರಲ್ಲೇ ಜಜ್ಜಿಹೋಗಿತ್ತು ಎಂದು ಅವರು ಬರೆದದ್ದು ಆಮೇಲೆ ಹೊರಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈ ಪ್ರಕರಣವನ್ನು ಎತ್ತಿದಾಗಲೆಲ್ಲ ನಿಮ್ಮ ಕಡೆಯಿಂದ ಬರುವ ಉತ್ತರ ನಮಗೆ ಗೊತ್ತು: ‘ಆದರೂ ಮಾರಾಟ ಆಯಿತಲ್ಲ?’ ಆಯಿತು. ಅಷ್ಟು ದೊಡ್ಡ ಹೆಸರಿನ ಬ್ಯಾಂಡಿನದು ಹೇಗಿದ್ದರೂ ಆಗುತ್ತಿತ್ತು. ಎರಡನೆಯ, ಮೂರನೆಯ ಆಲ್ಬಮ್ ತರುತ್ತಿರುವ ಬ್ಯಾಂಡಿಗೆ ಆ ಅನುಕೂಲ ಇಲ್ಲ. ಅಪರಿಚಿತ ಬ್ಯಾಂಡಿನ ಆಲ್ಬಮ್ಮಿನಿಂದ ಕಿವಿ ದಣಿದ ಕೇಳುಗ ದೂರು ಬರೆಯುವುದಿಲ್ಲ, ಮನವಿಗೆ ಸಹಿಯನ್ನೂ ಹಾಕುವುದಿಲ್ಲ. ಮೂರನೇ ಹಾಡಿಗೆ ನಿಲ್ಲಿಸಿ ಬೇರೇನೋ ಹಾಕಿಕೊಳ್ಳುತ್ತಾನೆ.

ಜೋರು ಎಂದರೇನು ಎಂಬುದಕ್ಕೆ ಬರೋಣ. ಡಿಜಿಟಲ್ ಫೈಲಿಗೆ ಒಂದು ಚಾವಣಿ ಇದೆ, ಅದರಾಚೆ ತರಂಗ ಏರಲಾರದು. ಸರಾಸರಿ ಮಟ್ಟವನ್ನು ಏರಿಸಬೇಕಾದರೆ ಚಾವಣಿಗೆ ತಾಗುವ ತುದಿಗಳನ್ನು ಲಿಮಿಟರ್ ಎಂಬ ಸಾಧನ ಅದುಮಬೇಕು. ಪಾಪ್ ಹಾಡಿನಲ್ಲಿ ಆ ತುದಿಗಳು ಬೇರೆಬೇರೆ ವಾದ್ಯಗಳದಾಗಿರುತ್ತವೆ, ಪೆಟ್ಟು ಹಂಚಿಹೋಗುತ್ತದೆ. ಮೆಟಲ್‌ನಲ್ಲಿ ಹಾಗಲ್ಲ. ಗಿಟಾರಿಗೆ ಆ ಒರಟು ಸದ್ದು ಕೊಡುವ ಡಿಸ್ಟಾರ್ಷನ್ ಎಂಬುದೇ ತುದಿ ಕತ್ತರಿಸುವ ಕೆಲಸ. ಆಂಪ್ಲಿಫೈಯರ್‌ನಿಂದ ಹೊರಬರುವಾಗಲೇ ಗಿಟಾರಿನ ತರಂಗ ಚಪ್ಪಟೆಯಾಗಿರುತ್ತದೆ, ಅಲ್ಲಿ ಲಿಮಿಟರ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಗಿಟಾರಿನ ಗೋಡೆಯ ಮೇಲೆ ತಲೆ ಎತ್ತಿ ನಿಂತಿರುವುದು ಎರಡೇ: ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಸ್ನೇರ್. ಹಾಗಾಗಿ ಮೆಟಲ್ ಮಿಕ್ಸನ್ನು 3 ಡೆಸಿಬೆಲ್ ಜೋರು ಮಾಡಿ ಎಂದರೆ ಡ್ರಮ್ಮಿನ ತಲೆಯಿಂದ 3 ಡೆಸಿಬೆಲ್ ಕತ್ತರಿಸಿ ಎಂದೇ ಅರ್ಥ. ‘ಮುಖಕ್ಕೆ ಹೊಡೆಯುತ್ತಿಲ್ಲ’ ಎಂದು ಕೇಳಿಕೊಂಡವರು ಹೊಡೆಯುವ ಭಾಗವನ್ನೇ ತೆಗೆಸಿರುತ್ತಾರೆ. ಮುಂದಿನ ಸುತ್ತಿನಲ್ಲಿ ‘ಡ್ರಮ್ಸ್ ಹಿಂದೆ ಸರಿದಿದೆ’ ಎಂಬ ಟಿಪ್ಪಣಿ ಬರುತ್ತದೆ. ಮಿಕ್ಸ್ ಮಾಡುವವರು ಕಿಕ್ಕಿಗೆ ಇನ್ನಷ್ಟು ‘ಟಿಕ್’ ಸೇರಿಸುತ್ತಾರೆ, ಲಿಮಿಟರ್ ಅದನ್ನೂ ತಿನ್ನುತ್ತದೆ. ಕೊನೆಗೆ ಉಳಿಯುವುದು ಟೈಪ್‌ರೈಟರ್ ಸದ್ದಿನ ಡಬಲ್ ಕಿಕ್.

ಇಷ್ಟೆಲ್ಲ ಮಾಡಿ ಸಿಗುವ ಲಾಭವೂ ಈಗ ಇಲ್ಲ. ಕೇಳಿಸುವ ಮಟ್ಟವನ್ನು ಅಳೆಯುವ ಬಿಎಸ್ 1770 ಮಾನದಂಡವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಹೊರತಂದಿತು. ಸ್ಟ್ರೀಮಿಂಗ್ ಸೇವೆಗಳು ಈಗ ಅದೇ ಅಳತೆಯಲ್ಲಿ ಹಾಡುಗಳನ್ನು ಒಂದು ಮಟ್ಟಕ್ಕೆ ತರುತ್ತವೆ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಆ ಅಳತೆಯ ಏಕಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು), ಆಪಲ್ ಮೈನಸ್ 16. ಒಂದು ಲೆಕ್ಕ ಹಾಕಿ. ಒಂದೇ ಮಿಕ್ಸಿನಿಂದ ಎರಡು ಮಾಸ್ಟರ್, ಎರಡರ ತುದಿಯೂ ಮೈನಸ್ 1 ಡೆಸಿಬೆಲ್‌ನಲ್ಲಿದೆ. ಮೊದಲನೆಯದರ ಮಟ್ಟ ಮೈನಸ್ 6, ಎರಡನೆಯದರದು ಮೈನಸ್ 11. ಮೈನಸ್ 14ಕ್ಕೆ ತರಲು ಸೇವೆಯವರು ಮೊದಲನೆಯದನ್ನು 8 ಡೆಸಿಬೆಲ್ ಇಳಿಸುತ್ತಾರೆ, ಎರಡನೆಯದನ್ನು 3. ಈಗ ಎರಡೂ ಕಿವಿಗೆ ಒಂದೇ ಜೋರು. ಆದರೆ ಮೊದಲನೆಯದರ ಸ್ನೇರಿನ ತುದಿ ಮೈನಸ್ 9ರಲ್ಲಿ ನಿಂತಿದೆ, ಎರಡನೆಯದರದು ಮೈನಸ್ 4ರಲ್ಲಿ. ಐದು ಡೆಸಿಬೆಲ್ ಪೆಟ್ಟನ್ನು ಎಸೆದು ಪಡೆದದ್ದು ಸೊನ್ನೆ. ಹೀಗೆ ಮಟ್ಟ ಸಮ ಮಾಡುವುದನ್ನು ಕೆಲವು ಕೇಳುಗರು ಆಫ್ ಮಾಡಿಕೊಳ್ಳುತ್ತಾರೆ ನಿಜ. ಹಾಗೆ ಆಫ್ ಮಾಡಿಕೊಳ್ಳುವಷ್ಟು ಗೊತ್ತಿದ್ದವರಿಗೆ ವಾಲ್ಯೂಮ್ ಗುಂಡಿ ಎಲ್ಲಿದೆ ಎಂಬುದೂ ಗೊತ್ತು.

ಹಾಗಾದರೆ ಕೆಲವು ಆಲ್ಬಮ್ಮುಗಳು ಅಳತೆಯಲ್ಲಿ ಅಷ್ಟೇನೂ ಜೋರಿಲ್ಲದೆಯೂ ಏಕೆ ದೊಡ್ಡದಾಗಿ ಕೇಳಿಸುತ್ತವೆ? ಉತ್ತರ ಮಾಸ್ಟರಿಂಗಿನಲ್ಲಿ ಇಲ್ಲ, ಬಹಳ ಹಿಂದೆ ಇದೆ. ಅಲ್ಲಿ ಖರ್ಚು ಮಾಡಬೇಕಾದ ದಿನಗಳನ್ನು ಕಡಿತ ಮಾಡಿ ಕೊನೆಯಲ್ಲಿ ಲಿಮಿಟರ್‌ನಿಂದ ವಸೂಲಿ ಮಾಡಹೊರಟರೆ, ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಗಿಟಾರಿನಿಂದ ನೋಡಿ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ದಪ್ಪ ತಂತಿ 82.4 ಹರ್ಟ್ಸ್. ಏಳು ತಂತಿಯದಾದರೆ ಅಥವಾ ‘ಬಿ’ ಸ್ವರದ ತನಕ ಇಳಿಸಿದರೆ 61.7. ಇಳಿಸಿದಷ್ಟೂ ಭಾರ ಎಂಬ ನಂಬಿಕೆ ಬ್ಯಾಂಡುಗಳಲ್ಲಿ ಗಟ್ಟಿಯಾಗಿದೆ. ಆದರೆ ಸಡಿಲ ತಂತಿಗೆ ಪಿಕ್ ಬಲವಾಗಿ ತಾಗಿದ ಕ್ಷಣ ಸ್ವರ ಮೇಲಕ್ಕೆ ಜಿಗಿದು ಆಮೇಲೆ ತನ್ನ ಜಾಗಕ್ಕೆ ಇಳಿಯುತ್ತದೆ. ವೇಗದ ರಿಫ್‌ನಲ್ಲಿ, ಅಂದರೆ ಮರಳಿ ಮರಳಿ ಬರುವ ಗಿಟಾರ್ ತುಣುಕಿನಲ್ಲಿ, ಇಳಿಯುವಷ್ಟರಲ್ಲಿ ಮುಂದಿನ ಪೆಟ್ಟು ಬಂದಿರುತ್ತದೆ, ಅಂದರೆ ಇಡೀ ರಿಫ್ ಶ್ರುತಿಗಿಂತ ಮೇಲೆಯೇ ಓಡುತ್ತಿರುತ್ತದೆ. ಇದಕ್ಕೆ ಮದ್ದು ಎರಡು. ತಂತಿಯುದ್ದ ಇಪ್ಪತ್ತೈದೂವರೆ ಇಂಚಿರುವ ಗಿಟಾರಿನಲ್ಲಿ ‘ಬಿ’ ಸ್ವರಕ್ಕೆ ಇಳಿಯುವುದಾದರೆ ದಪ್ಪ ತಂತಿ 0.060 ಇಂಚು ಅಥವಾ ಅದಕ್ಕೂ ಹೆಚ್ಚಿರಲಿ. ಟ್ಯೂನರ್ ನೋಡುವಾಗ ಮೆಲ್ಲಗೆ ಮೀಟಿ ನೋಡದೆ, ಹಾಡಿನಲ್ಲಿ ಬಾರಿಸುವಷ್ಟೇ ಜೋರಾಗಿ ಬಾರಿಸಿ, ಆ ಪೆಟ್ಟಿನ ಕ್ಷಣಕ್ಕೆ ಮುಳ್ಳು ಮಧ್ಯಕ್ಕೆ ಬರುವಂತೆ ಕಟ್ಟಬೇಕು.

ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಇಷ್ಟು ತಲೆ ಏಕೆ ಎಂದು ಕೇಳಬಹುದು. ಎಡ ಗಿಟಾರು ಬಲ ಗಿಟಾರಿಗಿಂತ 5 ಸೆಂಟ್ ಮೇಲಿದೆ ಎಂದುಕೊಳ್ಳಿ, ಅರ್ಧಸ್ವರದ ಇಪ್ಪತ್ತರಲ್ಲಿ ಒಂದು ಪಾಲು. 61.7 ಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ ಕಾಲು ಕಂಪನಕ್ಕಿಂತ ಕಡಿಮೆ, ಯಾರ ಕಿವಿಗೂ ಬೀಳದು. ಆದರೆ ಡಿಸ್ಟಾರ್ಷನ್ ಮೇಲಿನ ಹಾರ್ಮೋನಿಕ್‌ಗಳನ್ನೆಲ್ಲ (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು) ಎಬ್ಬಿಸಿ ನಿಲ್ಲಿಸಿರುತ್ತದೆ. ಹದಿನಾರನೇ ಹಾರ್ಮೋನಿಕ್ ಹತ್ತಿರಹತ್ತಿರ 1000 ಹರ್ಟ್ಸ್, ಅಲ್ಲಿ ಅದೇ 5 ಸೆಂಟ್ ಸೆಕೆಂಡಿಗೆ ಸುಮಾರು 3 ಸಲದ ಅಲುಗಾಟವಾಗುತ್ತದೆ. ನಾಲ್ಕು ಪದರ ಗಿಟಾರ್ ಹಾಕಿದರೆ ಈ ಅಲುಗಾಟಗಳು ಒಂದರ ಮೇಲೊಂದು ಕೂತು ಮಸುಕು ಕವಿಯುತ್ತದೆ. ವಿಮರ್ಶೆಗಳಲ್ಲಿ ‘ಪ್ರೊಡಕ್ಷನ್ ಕೆಸರು ಕೆಸರು’ ಎಂದು ಬರುತ್ತದಲ್ಲ, ಬಹಳ ಸಲ ಆ ಕೆಸರು ಇದೇ. ಇದನ್ನು ಈಕ್ವಲೈಸರ್‌ನಿಂದ ತೊಳೆಯಲು ಆಗದು. ಪ್ರತಿ ಟೇಕಿಗೂ ಟ್ಯೂನ್ ನೋಡುವುದು, ದಿನಕ್ಕೊಮ್ಮೆಯಾದರೂ ತಂತಿ ಬದಲಿಸುವುದು, ರಿಫ್ ಯಾವ ಫ್ರೆಟ್ಟಿನ ಸುತ್ತ ಇದೆಯೋ ಅಲ್ಲಿಗೆ ಇಂಟೊನೇಷನ್ (ಫ್ರೆಟ್ಟಿನಲ್ಲಿ ಒತ್ತಿದಾಗಿನ ಶ್ರುತಿ) ಸರಿಮಾಡಿಕೊಳ್ಳುವುದು, ಇಷ್ಟೇ ದಾರಿ. ದಿನ ಬೇಕು. ಆ ದಿನಗಳಿಗೆ ದುಡ್ಡು ಕೊಡುವವರು ನೀವು.

ಎಡಕ್ಕೊಂದು ಬಲಕ್ಕೊಂದು ಗಿಟಾರ್ ಇಡುವಾಗ ಅವು ಎರಡು ಬೇರೆ ಬೇರೆ ನುಡಿಸುವಿಕೆಗಳಾಗಿರಬೇಕು. ಒಂದನ್ನೇ ನಕಲು ಮಾಡಿ ಕೆಲವು ಮಿಲಿಸೆಕೆಂಡ್ ಸರಿಸಿಟ್ಟರೆ ಹೆಡ್‌ಫೋನಿನಲ್ಲಿ ಅಗಲವಾಗಿ ಕೇಳಿಸೀತು, ಫೋನಿನ ಒಂಟಿ ಸ್ಪೀಕರಿನಲ್ಲಿ ಎರಡೂ ಕೂಡಿದಾಗ ಟೊಳ್ಳಾಗುತ್ತದೆ. ಗೇನ್, ಅಂದರೆ ಡಿಸ್ಟಾರ್ಷನ್ ಎಷ್ಟಿರಬೇಕು ಎಂಬ ವಿಚಾರದಲ್ಲಿ ಗಿಟಾರಿಸ್ಟರೊಡನೆ ಜಗಳ ತಪ್ಪಿದ್ದಲ್ಲ. ಒಂಟಿ ಗಿಟಾರಿಗೆ ಸರಿಹೋಗುವ ಗೇನನ್ನೇ ನಾಲ್ಕು ಪದರಕ್ಕೂ ಇಟ್ಟರೆ ಪಿಕ್ಕಿನ ಪೆಟ್ಟು ಮುಳುಗಿ ಬರೀ ಜೊಂಯ್ ಉಳಿಯುತ್ತದೆ. ಪದರ ಹೆಚ್ಚಿದ ಹಾಗೆ ಪ್ರತಿಯೊಂದರ ಗೇನ್ ಇಳಿಯಬೇಕು. ಯಾವುದಕ್ಕೂ ಇರಲಿ ಎಂದು ಗಿಟಾರಿನ ನೇರ ಸಿಗ್ನಲ್ಲನ್ನೂ ಡಿಐ ಪೆಟ್ಟಿಗೆಯ ಮೂಲಕ ಪಕ್ಕದಲ್ಲಿ ಹಿಡಿದಿಟ್ಟುಕೊಂಡರೆ ಆಮೇಲೆ ಅದನ್ನು ಮತ್ತೆ ಆಂಪ್ಲಿಫೈಯರಿನಲ್ಲಿ ಹಾಯಿಸಿ ಹೊಸ ಸದ್ದು ತೆಗೆಯಬಹುದು (ರೀಆಂಪ್), ಇಡೀ ರಿಫ್ ಮತ್ತೆ ನುಡಿಸುವ ಪ್ರಮೇಯ ಬಾರದು.

ಮೈಕಿನ ಮಾತು. ಗಿಟಾರಿನ ಒಂದು ಸ್ಪೀಕರ್ ಕ್ಯಾಬಿನೆಟ್ಟಿಗೆ ಎರಡು ಮೈಕ್ ಇಟ್ಟು, ಒಂದು ಇನ್ನೊಂದಕ್ಕಿಂತ 5 ಸೆಂಟಿಮೀಟರ್ ಹಿಂದಿದ್ದರೆ ಶಬ್ದ ಅದನ್ನು ತಲುಪುವುದು 0.15 ಮಿಲಿಸೆಕೆಂಡ್ ತಡವಾಗಿ. ಎರಡನ್ನೂ ಸಮನಾಗಿ ಕೂಡಿಸಿದಾಗ 3400 ಹರ್ಟ್ಸ್ ಆಸುಪಾಸಿನ ಸದ್ದು ಅಳಿಸಿಹೋಗಿ ಒಂದು ಗುಂಡಿ ಬೀಳುತ್ತದೆ. ಗಿಟಾರಿನ ಕಚ್ಚುವಿಕೆ ಇರುವುದೇ ಅಲ್ಲಿ. ಹಾಗಾಗಿ ಸ್ವೀಡನ್ನಿನ ನಿರ್ಮಾಪಕ ಫ್ರೆಡ್ರಿಕ್ ನಾರ್ಡ್‌ಸ್ಟ್ರಮ್ ಅವರ ಸ್ಟುಡಿಯೊ ಹೆಸರಿನಲ್ಲಿ ಪ್ರಸಿದ್ಧವಾದ ‘ಫ್ರೆಡ್‌ಮನ್’ ವಿಧಾನದಲ್ಲಿ ಎರಡು ಎಸ್‌ಎಂ57 ಮೈಕುಗಳ ಮೂತಿಯನ್ನು ಒಂದಕ್ಕೊಂದು ತಾಗಿಸಿಟ್ಟು, ಒಂದನ್ನು ನೇರ, ಇನ್ನೊಂದನ್ನು 45 ಡಿಗ್ರಿ ಓರೆಯಾಗಿ ತಿರುಗಿಸುತ್ತಾರೆ. ದೂರ ಒಂದೇ ಆದ್ದರಿಂದ ಗುಂಡಿ ಇಲ್ಲ, ಬಣ್ಣ ಮಾತ್ರ ಬೇರೆ. ಒಂದೇ ಮೈಕ್ ಸಾಕು ಎನ್ನುವವರು ಅದನ್ನು ಸ್ಪೀಕರ್ ಕೋನಿನ ನಡುವಿನಿಂದ ಅಂಚಿನ ಕಡೆಗೆ ಒಂದು ಸೆಂಟಿಮೀಟರ್ ಸರಿಸಿ ನೋಡಲಿ. ಈಕ್ವಲೈಸರ್ ಮುಟ್ಟದೆಯೇ ಕಿವಿಗೆ ಚುಚ್ಚುವ ಕರ್ಕಶತೆ ತಗ್ಗುತ್ತದೆ.

ಬೇಸ್ ಗಿಟಾರಿನ ಬಗ್ಗೆ ಮಾತಾಡಿದರೆ 1988ರ ‘...ಆಂಡ್ ಜಸ್ಟಿಸ್ ಫಾರ್ ಆಲ್’ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಜೇಸನ್ ನ್ಯೂಸ್ಟೆಡ್ ಮೆಟಾಲಿಕಾ ಸೇರಿದ ಮೇಲಿನ ಮೊದಲ ಪೂರ್ಣ ಸ್ಟುಡಿಯೊ ಆಲ್ಬಮ್, ಅದರಲ್ಲಿ ಅವರ ಬೇಸ್ ಹುಡುಕಿದರೂ ಸಿಗದು. ಬೇಸನ್ನು ಇಳಿಸಲು ಹೇಳಿದ್ದು ಬ್ಯಾಂಡಿನವರೇ ಎಂದು ಮಿಕ್ಸ್ ಮಾಡಿದ ಸ್ಟೀವ್ ಥಾಂಪ್ಸನ್ ಆಮೇಲೆ ಹೇಳಿಕೊಂಡಿದ್ದಾರೆ. ಗಮನಿಸಬೇಕಾದ್ದು ಇನ್ನೊಂದಿದೆ. ಬೇಸ್ ಬಹುಪಾಲು ರಿದಂ ಗಿಟಾರನ್ನೇ ನೆರಳಿನಂತೆ ಹಿಂಬಾಲಿಸುತ್ತಿತ್ತು, ಗಿಟಾರಿನ ತಗ್ಗು ಭಾಗವೂ ಅದೇ ಜಾಗವನ್ನು ತುಂಬಿತ್ತು. ಎರಡಕ್ಕೆ ಜಾಗ ಇಲ್ಲದ ಕಡೆ ಒಂದು ಸೋಲಲೇಬೇಕು. 2018ರ ಮರುಬಿಡುಗಡೆಯಲ್ಲೂ ಬೇಸನ್ನು ಮೇಲೆತ್ತಲಿಲ್ಲ, ಆ ಆಲ್ಬಮ್ ಹಾಗೆಯೇ ಚರಿತ್ರೆಗೆ ಸೇರಿದೆ. ಹಾಡುಗಳು ಅಷ್ಟು ಗಟ್ಟಿ ಇದ್ದುದರಿಂದ ಬಚಾವಾಯಿತು. ಇದನ್ನು ಮಾದರಿ ಎಂದುಕೊಂಡು ಬೇಸಿಲ್ಲದ ಮಿಕ್ಸ್ ಒಪ್ಪಿಸಲು ಬರುವ ಹೊಸಬರಿಗೆ ಆ ಹಾಡುಗಳೂ ಇವೆಯೇ ಎಂದು ಕೇಳಿ.

ಈಗ ಬಳಕೆಯಲ್ಲಿರುವ ಉಪಾಯವೆಂದರೆ ಬೇಸನ್ನು ಎರಡಾಗಿ ಸೀಳುವುದು. 200 ಹರ್ಟ್ಸ್‌ನಿಂದ ಕೆಳಗಿನದನ್ನು ಶುದ್ಧವಾಗಿಟ್ಟು, ಕಂಪ್ರೆಸರ್‌ನಿಂದ (ಸದ್ದಿನ ಏರಿಳಿತ ತಗ್ಗಿಸುವ ಸಾಧನ) ಗಟ್ಟಿಯಾಗಿ ಹಿಡಿದು, ನಟ್ಟನಡುವೆ ನಿಲ್ಲಿಸುವುದು. ಮೇಲಿನದಕ್ಕೆ ಡಿಸ್ಟಾರ್ಷನ್ ಕೊಟ್ಟು ತಂತಿಯ ಗೊರಗೊರ ಕೇಳಿಸುವಂತೆ ಮಾಡುವುದು. ಗಿಟಾರುಗಳನ್ನು 80 ಹರ್ಟ್ಸ್ ಹತ್ತಿರ ಕೆಳಗಿನಿಂದ ಕತ್ತರಿಸಿ ಆ ಜಾಗವನ್ನು ಬೇಸಿಗೆ ಬಿಟ್ಟುಕೊಡುವುದು. ಆಗ ಗಿಟಾರಿಸ್ಟ್ ತನ್ನ ಟ್ರ್ಯಾಕನ್ನು ಒಂಟಿಯಾಗಿ ಕೇಳಿ ‘ತೆಳ್ಳಗಾಯಿತು’ ಎನ್ನುತ್ತಾನೆ. ಬೇಸ್ ಜೊತೆ ಕೇಳಿಸಿದರೆ ಸುಮ್ಮನಾಗುತ್ತಾನೆ. ‘ಭಾರೀ ಗಿಟಾರ್ ಸದ್ದು’ ಎಂದು ಜನ ಮೆಚ್ಚುವುದರಲ್ಲಿ ಅರ್ಧ ಬೇಸಿನದು.

ಡ್ರಮ್ಮಿಗೆ ಬಂದರೆ ಗಡಿಯಾರ ತೆಗೆಯಬೇಕು. ನಿಮಿಷಕ್ಕೆ 200 ಬೀಟಿನ ಹಾಡಿನಲ್ಲಿ ಡಬಲ್ ಕಿಕ್ ಒಂದು ಬೀಟಿಗೆ ನಾಲ್ಕು ಪೆಟ್ಟು ಹಾಕಿದರೆ ಪೆಟ್ಟಿನಿಂದ ಪೆಟ್ಟಿಗೆ ಇರುವ ಸಮಯ 75 ಮಿಲಿಸೆಕೆಂಡ್. 60 ಹರ್ಟ್ಸ್‌ನ ಗುಡುಗಿಗೆ ಒಂದು ಸುತ್ತು ಮುಗಿಸಲು ಸುಮಾರು 17 ಮಿಲಿಸೆಕೆಂಡ್ ಬೇಕು. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಮುಂದಿನ ಪೆಟ್ಟು ಬಿತ್ತು. 200 ಮಿಲಿಸೆಕೆಂಡ್ ಬಾಲವಿರುವ ಭಾರೀ ಕಿಕ್ ಬೇಕೆಂದರೆ ಒಂದು ಪೆಟ್ಟಿನ ಬಾಲದೊಳಗೆ ಇನ್ನೆರಡು ಪೆಟ್ಟು ಮುಳುಗಿರುತ್ತವೆ. ನಿಧಾನದ ಹಾಡಿಗೆ ಅದೇ ಕಿಕ್ ಅದ್ಭುತ. ಹಾಗಾಗಿ ಒಂದೇ ಆಲ್ಬಮ್ಮಿನಲ್ಲಿ ನಿಧಾನದ ಹಾಡೂ ವೇಗದ ಹಾಡೂ ಇದ್ದರೆ ಕಿಕ್ ಸದ್ದನ್ನು ಎರಡು ಬಗೆಯಾಗಿ ಕಟ್ಟಬೇಕು: ವೇಗದ್ದಕ್ಕೆ ಒಳಗೆ ಹೆಚ್ಚು ದಿಂಬು, ಗಟ್ಟಿ ಬೀಟರ್, 3000ದಿಂದ 5000 ಹರ್ಟ್ಸ್ ನಡುವಿನ ತಟ್ಟುವ ಸದ್ದು, ನಿಧಾನದ್ದಕ್ಕೆ ಅದರ ತದ್ವಿರುದ್ಧ. ‘ಮೂರನೇ ಹಾಡಿನ ಕಿಕ್ ಏಳನೆಯದರಲ್ಲೂ ಬೇಕು’ ಎಂಬ ಟಿಪ್ಪಣಿಯ ಹಿಂದೆ ಬೀಟಿನ ಲೆಕ್ಕ ಇರುವುದಿಲ್ಲ.

ಡ್ರಮ್ಮಿನ ಪೆಟ್ಟಿನ ಜೊತೆ ಮೊದಲೇ ಹಿಡಿದಿಟ್ಟ ಪೆಟ್ಟಿನ ಸದ್ದನ್ನು (ಸ್ಯಾಂಪಲ್) ಸೇರಿಸುವುದನ್ನು ಮೋಸ ಎನ್ನುವವರ ಜೊತೆ ನಾವಿಲ್ಲ. ಆದರೆ ಸೇರಿಸುವಾಗ ಪೆಟ್ಟಿಗೆ ಪೆಟ್ಟು ಒಂದು ಮಿಲಿಸೆಕೆಂಡಿನೊಳಗೆ ಕೂರಬೇಕು, ಪೊಲಾರಿಟಿ (ತರಂಗದ ಮೇಲು ಕೆಳಗು) ತಿರುಗಿಸಿ ಯಾವುದು ದಪ್ಪಗೆ ಕೇಳುತ್ತದೋ ಅದನ್ನು ಇಟ್ಟುಕೊಳ್ಳಬೇಕು. ಪ್ರತಿ ಪೆಟ್ಟಿಗೂ ಒಂದೇ ಸ್ಯಾಂಪಲ್ ಒಂದೇ ಬಲದಲ್ಲಿ ಬಂದರೆ ಸ್ನೇರ್ ರೋಲ್ ಮಷಿನ್‌ಗನ್ ಆಗುತ್ತದೆ. ಸಿಂಬಲ್ಲುಗಳ ಮೇಲೆ ಕೋಪ ತೀರಿಸಿಕೊಳ್ಳುವ ಡ್ರಮ್ಮರ್ ಇದ್ದರೆ ಯಾವ ಮೈಕ್ ತಂತ್ರವೂ ಉಳಿಸದು. ಡ್ರಮ್ಮಿಗೆ ಜೋರು, ಸಿಂಬಲ್ಲಿಗೆ ಹಗುರ. ಕೊನೆಯಲ್ಲಿ ಲಿಮಿಟರ್ ಎಲ್ಲವನ್ನೂ ಎಳೆದು ಮೇಲೆತ್ತಿದಾಗ ಮೊದಲು ಮುಖಕ್ಕೆ ರಾಚುವುದು ಆ ಸಿಂಬಲ್ಲುಗಳ ಸುಯ್ಗುಟ್ಟುವಿಕೆ. ಡ್ರಮ್ಮುಗಳ ಮೇಲ್ಗಡೆ ಇಡುವ ಓವರ್‌ಹೆಡ್ ಮೈಕುಗಳೆರಡನ್ನೂ ಸ್ನೇರಿನ ನಡುವಿನಿಂದ ದಾರ ಹಿಡಿದು ಸಮದೂರದಲ್ಲಿ ಇಟ್ಟಿದ್ದಾರೆಯೇ ಎಂದು ನೋಡುವುದಕ್ಕೆ ಒಂದು ನಿಮಿಷ ಸಾಕು, ಮರೆತರೆ ಸ್ನೇರ್ ಆಲ್ಬಮ್ಮಿನುದ್ದಕ್ಕೂ ಒಂದು ಪಕ್ಕಕ್ಕೆ ವಾಲಿರುತ್ತದೆ.

ಗಾಯನದ ಬಗ್ಗೆ ಒಂದೇ ವಿನಂತಿ. ಗರ್ಜನೆ, ಕಿರುಚಾಟದ ಗಂಟಲು ದಿನಕ್ಕೆ ಎರಡು ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡದು. ಬಜೆಟ್ ಮುಗಿಯಿತೆಂದು ಎಲ್ಲ ಹಾಡನ್ನೂ ಕೊನೆಯ ಎರಡು ದಿನಕ್ಕೆ ತುರುಕಬೇಡಿ.

ಇಷ್ಟಕ್ಕೆಲ್ಲ ಎಷ್ಟು ಸಮಯ ಬೇಕು ಎಂಬುದಕ್ಕೆ ಚರಿತ್ರೆ ಎರಡು ತುದಿಯ ಉತ್ತರ ಕೊಡುತ್ತದೆ. ಬ್ಲ್ಯಾಕ್ ಸಬ್ಬತ್ ತಮ್ಮ ಮೊದಲ ಆಲ್ಬಮ್ಮನ್ನು 1969ರ ಅಕ್ಟೋಬರಿನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೊದಲ್ಲಿ ಒಂದೇ ದಿನದಲ್ಲಿ ನುಡಿಸಿ ಮುಗಿಸಿದರು. 1991ರಲ್ಲಿ ಬಂದ ಮೆಟಾಲಿಕಾದ ಕಪ್ಪು ಹೊದಿಕೆಯ ಆಲ್ಬಮ್ಮಿಗೆ ಬಾಬ್ ರಾಕ್ ಜೊತೆ ಲಾಸ್ ಏಂಜಲೀಸಿನ ಒನ್ ಆನ್ ಒನ್ ಸ್ಟುಡಿಯೊದಲ್ಲಿ ಸುಮಾರು ಎಂಟು ತಿಂಗಳು ಹಿಡಿಯಿತು, ಹತ್ತು ಲಕ್ಷ ಡಾಲರ್ ಖರ್ಚಾಯಿತು. ಎರಡೂ ನಿಂತಿವೆ. ಆದರೆ ಸಬ್ಬತ್ ಉದಾಹರಣೆ ಕೊಟ್ಟು ದಿನ ಕಡಿತ ಮಾಡುವವರು ಒಂದು ಸಂಗತಿ ಮರೆಯುತ್ತಾರೆ. ಆ ನಾಲ್ವರು ಅದೇ ಹಾಡುಗಳನ್ನು ವೇದಿಕೆಯ ಮೇಲೆ ತಿಂಗಳುಗಟ್ಟಲೆ ನುಡಿಸಿ ಬಂದಿದ್ದರು, ಸ್ಟುಡಿಯೊದಲ್ಲೂ ಒಟ್ಟಿಗೆ ನಿಂತು ಅದನ್ನೇ ನುಡಿಸಿದರು. ಇಂದಿನ ಬ್ಯಾಂಡು ಎಷ್ಟೋ ಹಾಡನ್ನು ಕಂಪ್ಯೂಟರಿನಲ್ಲಿ ಬರೆದಿರುತ್ತದೆ, ನಾಲ್ವರೂ ಒಂದೇ ಕೋಣೆಯಲ್ಲಿ ಅದನ್ನು ನುಡಿಸಿರುವುದೇ ಇಲ್ಲ. ನಲವತ್ತೈದು ನಿಮಿಷದ ಆಲ್ಬಮ್ಮಿಗೆ ನಾವು ಹಾಕುವ ಲೆಕ್ಕ ಇದು: ಸ್ಟುಡಿಯೊಗೆ ಮೊದಲು ಎರಡು ವಾರ ಅಭ್ಯಾಸ ಮತ್ತು ಡೆಮೊ, ಪ್ರತಿ ಹಾಡಿನ ವೇಗ ಅಲ್ಲೇ ತೀರ್ಮಾನ, ಡ್ರಮ್ಸಿಗೆ ಐದು ದಿನ, ಅದರ ಎಡಿಟಿಂಗಿಗೆ ಇನ್ನೈದು, ರಿದಂ ಗಿಟಾರಿಗೆ ಎಂಟು, ಬೇಸಿಗೆ ಮೂರು, ಸೋಲೊಗಳಿಗೆ ಮೂರು, ಗಾಯನ ಎಂಟು ದಿನ, ಅರ್ಧರ್ಧ ದಿನದಂತೆ, ಮಿಕ್ಸಿಗೆ ಹನ್ನೆರಡು, ಆಮೇಲೆ ಒಂದು ವಾರ ಯಾರೂ ಏನನ್ನೂ ಕೇಳದೆ ಕಿವಿಗೆ ರಜೆ, ಕೊನೆಗೆ ಮಾಸ್ಟರಿಂಗಿಗೆ ಎರಡು. ಹಣ ಕಡಿಮೆ ಬಿದ್ದರೆ ಸೋಲೊ ದಿನ ಕಡಿತ ಮಾಡಿ, ಮೊದಲ ಎರಡು ವಾರ ಮುಟ್ಟಬೇಡಿ.

ಕೊಳಕು ಸದ್ದನ್ನು ಕಂಡಲ್ಲೆಲ್ಲ ತೊಳೆಯಿರಿ ಎಂದು ನಾವು ಹೇಳುತ್ತಿಲ್ಲ. ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೊದಲ್ಲಿ ಎಂಟೂಂಬ್ಡ್ ಬ್ಯಾಂಡಿನವರು 1990ರಲ್ಲಿ ಹೊರಬಂದ ತಮ್ಮ ಮೊದಲ ಆಲ್ಬಮ್ ಮಾಡಿದಾಗ ಬಾಸ್ ಕಂಪನಿಯ ಎಚ್‌ಎಂ-2 ಡಿಸ್ಟಾರ್ಷನ್ ಪೆಡಲ್ಲಿನ ಗುಂಡಿಗಳನ್ನೆಲ್ಲ ಕೊನೆಯತನಕ ತಿರುಗಿಸಿಟ್ಟರು. ಆ ಗರಗಸದ ಸದ್ದೇ ಸ್ವೀಡಿಷ್ ಡೆತ್ ಮೆಟಲ್‌ನ ಗುರುತಾಯಿತು. ಡಾರ್ಕ್‌ಥ್ರೋನ್ ಬ್ಯಾಂಡು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಹಿಡಿದು 1994ರಲ್ಲಿ ಹೊರತಂದ ಆಲ್ಬಮ್ಮಿನ ಚಳಿಯನ್ನು ದುಬಾರಿ ಸ್ಟುಡಿಯೊ ಕೊಡಲಾರದು. ಇವೆಲ್ಲ ಬೇಕೆಂದೇ ಆರಿಸಿಕೊಂಡವು. ಮೆಟಾಲಿಕಾದ 2003ರ ‘ಸೇಂಟ್ ಆಂಗರ್’ನಲ್ಲಿ ಸ್ನೇರಿನ ತಂತಿಗಳನ್ನು ಸಡಿಲಿಸಿಟ್ಟು ಬಾರಿಸಿದ ಡಬ್ಬದ ಸದ್ದೂ ಬೇಕೆಂದೇ ಆರಿಸಿದ್ದು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಹಿಡಿಸಿಲ್ಲ, ಆದರೂ ಅದು ಆಯ್ಕೆ. ಲಿಮಿಟರ್ ಮಾಡುವ ಹಾನಿ ಯಾರೂ ಆರಿಸಿಕೊಂಡದ್ದಲ್ಲ, ಹೋಲಿಕೆಯ ಭಯದಿಂದ ಆಗಿಬಿಡುವುದು.

ಆ ಭಯ ಹುಟ್ಟುವ ಜಾಗವೂ ಗೊತ್ತಿದೆ. ಮಿಕ್ಸ್ ನಡೆಯುವಾಗಲೇ ಬ್ಯಾಂಡಿಗೆ, ನಿಮಗೆ ಕಳಿಸುವ ಕರಡು ಪ್ರತಿಗಳಿಗೆ ಲಿಮಿಟರ್ ಹಾಕಿ ಜೋರು ಮಾಡಿಯೇ ಕಳಿಸುತ್ತಾರೆ. ಅದನ್ನು ಮೂರು ವಾರ ಕಾರಿನಲ್ಲಿ ಕೇಳಿ ಕೇಳಿ ಕಿವಿ ಒಗ್ಗಿಹೋಗುತ್ತದೆ. ಸರಿಯಾದ ಮಾಸ್ಟರ್ ಬಂದಾಗ ಅದು ಕರಡಿಗಿಂತ ಮೆಲ್ಲಗಿರುತ್ತದೆ, ಅಲ್ಲಿಗೆ ‘ಪವರ್ ಸಾಲದು’. ಆದ್ದರಿಂದ ಮಿಕ್ಸ್ ಮಾಡುವವರಿಂದ ಎರಡು ಫೈಲು ಕೇಳಿ ಪಡೆಯಿರಿ: ನೀವು ಕೇಳುತ್ತಿದ್ದ ಕರಡು, ಮತ್ತು ಮಾಸ್ಟರ್ ಬಸ್ಸಿನ (ಎಲ್ಲ ಟ್ರ್ಯಾಕುಗಳೂ ಕೂಡುವ ಕೊನೆಯ ಹಾದಿ) ಲಿಮಿಟರ್ ತೆಗೆದ 24 ಬಿಟ್ ಪ್ರತಿ, ಸೆಷನ್ ಯಾವ ಸ್ಯಾಂಪಲ್ ರೇಟಿನಲ್ಲಿತ್ತೋ ಅದೇ ರೇಟಿನಲ್ಲಿ. ಮಾಸ್ಟರಿಂಗಿಗೆ ಎರಡೂ ಹೋಗಲಿ. ಲಿಮಿಟರ್ ತೆಗೆದದ್ದು ಕೆಲಸಕ್ಕೆ, ಕರಡು ಬ್ಯಾಂಡಿನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದಕ್ಕೆ.

ವಿನೈಲ್ ತರುವುದಾದರೆ ಅದಕ್ಕೆ ಬೇರೆಯೇ ಮಾಸ್ಟರ್ ಬೇಕು. 33 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹದಿನೆಂಟು ಇಪ್ಪತ್ತು ನಿಮಿಷ ಹಿತ. ಇಪ್ಪತ್ತಾರು ನಿಮಿಷ ತುಂಬಿದರೆ ಗೀರುಗಳನ್ನು ಕಿರಿದು ಮಾಡಬೇಕು, ಮಟ್ಟ ಇಳಿಯುತ್ತದೆ, ತಟ್ಟೆಯ ಸದ್ದು ಮೇಲೇಳುತ್ತದೆ. ಒಳಗಿನ ಗೀರುಗಳಲ್ಲಿ ಮೇಲಿನ ಸ್ವರಗಳು ಒಡೆಯುತ್ತವೆ, ಆದ್ದರಿಂದ ಅತಿವೇಗದ, ಸಿಂಬಲ್ ತುಂಬಿದ ಹಾಡನ್ನು ಬದಿಯ ಕೊನೆಗೆ ಹಾಕಬೇಡಿ. ಸ್ಲೇಯರ್‌ನ 1986ರ ‘ರೇನ್ ಇನ್ ಬ್ಲಡ್’ ಒಟ್ಟು 29 ನಿಮಿಷಕ್ಕೂ ಕಡಿಮೆ. ಚಿಕ್ಕದಾಯಿತೆಂದು ಯಾರೂ ಹಣ ವಾಪಸು ಕೇಳಲಿಲ್ಲ. ಎಪ್ಪತ್ತು ನಿಮಿಷದ ಆಲ್ಬಮ್ ತರಲು ಒತ್ತಾಯಿಸುವ ಮೊದಲು ಅದನ್ನೊಮ್ಮೆ ನೆನೆಯಿರಿ.

ಸ್ವಾಗತದ ವಿಷಯ. ವಿಮರ್ಶಕರಿಗೆ ನೀವು ಕಳಿಸುವ ಮುಂಗಡ ಪ್ರತಿ ಬಹಳ ಸಲ ಕಡಿಮೆ ದರ್ಜೆಯ ಎಂಪಿ3. ಜಜ್ಜಿದ ಮಾಸ್ಟರನ್ನು ಎಂಪಿ3 ಮಾಡಿದಾಗ ಚಾವಣಿಗೆ ಅಂಟಿಕೊಂಡಿದ್ದ ತುದಿಗಳು ಮತ್ತೆ ಉಕ್ಕಿ ಒಡೆಯುತ್ತವೆ, ಸಿಂಬಲ್ಲುಗಳು ನೀರಿನಲ್ಲಿ ಅದ್ದಿದಂತಾಗುತ್ತವೆ. ಅದನ್ನು ಕೇಳಿ ಬರೆದದ್ದೇ ಆಲ್ಬಮ್ಮಿನ ಮೊದಲ ದಾಖಲೆ. ನಷ್ಟವಿಲ್ಲದ ಫೈಲು ಕಳಿಸಿ, ಜೊತೆಗೆ ಯಾರು ಹಿಡಿದರು, ಯಾರು ಮಿಕ್ಸ್ ಮಾಡಿದರು, ಯಾರು ಮಾಸ್ಟರ್ ಮಾಡಿದರು ಎಂಬ ಒಂದು ಪುಟ ಇಡಿ. ಡೆತ್ ಮ್ಯಾಗ್ನೆಟಿಕ್ ಗಲಾಟೆಯಲ್ಲಿ ಆದ ಹಾಗೆ ಬೈಗುಳ ತಪ್ಪು ವಿಳಾಸಕ್ಕೆ ಹೋಗುವುದು ತಪ್ಪುತ್ತದೆ. ವಿಮರ್ಶೆಗೆ ಹೆದರಿ ಸದ್ದು ತಿದ್ದುವ ಕೆಲಸವಂತೂ ಬೇಡ. ಬ್ಲ್ಯಾಕ್ ಸಬ್ಬತ್‌ನ ಆ ಮೊದಲ ಆಲ್ಬಮ್ಮನ್ನು ಅಂದಿನ ವಿಮರ್ಶಕರು ಹರಿದುಹಾಕಿದ್ದರು, ಬ್ರಿಟನ್ನಿನ ಪಟ್ಟಿಯಲ್ಲಿ ಅದು ಎಂಟನೇ ಸ್ಥಾನ ಮುಟ್ಟಿತು. ಪ್ರಶಸ್ತಿಯ ತೀರ್ಪನ್ನೂ ನೆಚ್ಚುವ ಹಾಗಿಲ್ಲ: ಗ್ರ್ಯಾಮಿಯವರು 1989ರಲ್ಲಿ ಮೊದಲ ಸಲ ಹಾರ್ಡ್ ರಾಕ್ ಮತ್ತು ಮೆಟಲ್‌ಗೆ ಪ್ರಶಸ್ತಿ ಇಟ್ಟು ಅದನ್ನು ಕೊಳಲಿಗೆ ಹೆಸರಾದ ಬ್ಯಾಂಡ್ ಜೆಥ್ರೊ ಟಲ್‌ಗೆ ಕೊಟ್ಟರು.

ಮುಂದಿನ ಸಲ ಮಾಸ್ಟರ್ ನಿಮ್ಮ ಮೇಜಿಗೆ ಬಂದಾಗ ಸಹಿಗೆ ಮೊದಲು ಇದನ್ನು ಮಾಡಿ. ಹೋಲಿಕೆಗೆ ಇಟ್ಟುಕೊಂಡ ಆಲ್ಬಮ್ ಮತ್ತು ಈ ಮಾಸ್ಟರ್, ಎರಡನ್ನೂ ಲೌಡ್‌ನೆಸ್ ಮೀಟರಿನಲ್ಲಿ ಮೈನಸ್ 14ಕ್ಕೆ ಇಳಿಸಿ ಸಮ ಮಾಡಿಸಿ. ಮೆಲ್ಲನೆಯ ಆರಂಭ ಮುಗಿದು ಇಡೀ ಬ್ಯಾಂಡು ಒಟ್ಟಿಗೆ ಬೀಳುವ ಜಾಗಕ್ಕೆ ಹೋಗಿ. ಅಲ್ಲಿ ಸ್ನೇರ್ ಬಿದ್ದಾಗಲೆಲ್ಲ ಗಿಟಾರುಗಳು ಒಂದು ಗುಕ್ಕು ನುಂಗಿದಂತೆ ಒಳಗೆ ಹೋಗಿ ಬರುತ್ತಿವೆಯೇ? ಕಿಕ್ಕಿನ ದೇಹ ಹೋಗಿ ಟಿಕ್ ಮಾತ್ರ ಉಳಿದಿದೆಯೇ? ಬ್ಯಾಂಡು ಬಿದ್ದ ಕ್ಷಣ ಆರಂಭಕ್ಕಿಂತ ನಿಜಕ್ಕೂ ದೊಡ್ಡದಾಗಿ ಕೇಳಿತೇ, ಅಥವಾ ಬರೀ ಹೆಚ್ಚು ವಾದ್ಯಗಳು ಸೇರಿಕೊಂಡಂತೆ ಕೇಳಿತೇ? ಮೊದಲೆರಡಕ್ಕೆ ಹೌದು ಎಂದಾದರೆ, ಇಲ್ಲವೇ ಕೊನೆಯದಕ್ಕೆ ‘ಬರೀ ಸೇರಿಕೊಂಡವು’ ಎಂದಾದರೆ ವಾಪಸು ಕಳಿಸಿ. ಟಿಪ್ಪಣಿಯಲ್ಲಿ ಹೀಗೆ ಬರೆಯಿರಿ: ಲಿಮಿಟರನ್ನು 3 ಡೆಸಿಬೆಲ್ ಹಿಂದಕ್ಕೆ ತಂದು ಇನ್ನೊಂದು ಪ್ರತಿ ಕೊಡಿ.

ಇಂತಿ,
ಧ್ವನಿಮುದ್ರಣ, ಮಿಕ್ಸಿಂಗ್ ಮತ್ತು ಮಾಸ್ಟರಿಂಗ್ ಕೆಲಸದಲ್ಲಿರುವ ಕೆಲವರು